ಗುಲ್ಶನ್ ಮಹಲಿನಲ್ಲಿ ಅವ್ವ

ಆಂಟಾಪ್ ಹಿಲ್‌ನ ಸರ್ಕಾರಿ ವಸತಿಯಲ್ಲಿ ಸಂಸಾರ ಹೂಡಿದ ಯಾರಿಗೂ ಊರಿನ ನೆಂಟರಿಷ್ಟರ ಪರಿಚಯ ಕಡಿಮೆಯಾಗುವ ಭಯವಿಲ್ಲ. ಕ್ವಾರ್ಟರ್ಸು ಚಿಕ್ಕದಾದರೇನು, ಮುಂಬಯಿಯಲ್ಲಿದೆಯಲ್ಲ! ಬಂದವರು ಚಹಾದ ಕಪ್ಪು ಕೆಳಗಿಡುವ ಮೊದಲೇ ಪಟ್ಟಿ ಹೊರಬೀಳುತ್ತದೆ: ಗೇಟ್‌ವೇ, ಮಹಾಲಕ್ಷ್ಮಿ, ಹ್ಯಾಂಗಿಂಗ್ ಗಾರ್ಡನ್, ಜುಹೂ, ಕೊನೆಗೆ ಅಮಿತಾಭ್ ಬಚ್ಚನ್ನರ ಮನೆಯ ಗೇಟು. ಒಂದು ಗೇಟನ್ನು ನೋಡುವುದಕ್ಕೆ ಅಷ್ಟು ದೂರ ಹೋಗುವ ವಿಷಯದಲ್ಲಿ ನಮ್ಮ ಅಭಿಪ್ರಾಯವೇ ಬೇರೆ; ಅದಿರಲಿ. ಕೆಲವು ವರ್ಷಗಳಿಂದ ಈ ಪಟ್ಟಿಗೆ ನಾವಾಗಿ ಇನ್ನೊಂದು ಸ್ಥಳವನ್ನು ಸೇರಿಸಿದ್ದೇವೆ. ಅದು ಪೆಡ್ಡರ್ ರೋಡಿನಲ್ಲಿರುವ ಭಾರತೀಯ ಸಿನಿಮಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ. ವಸ್ತುಸಂಗ್ರಹಾಲಯ ಎಂದೊಡನೆ ನೆಂಟರ ಮುಖ ಸಣ್ಣದಾಗುತ್ತದೆ, ಸಿನಿಮಾದ್ದು ಎಂದರೆ ಮತ್ತೆ ಅರಳುತ್ತದೆ.

ನಮ್ಮ ಸಂಘದ ಎಷ್ಟೋ ಸದಸ್ಯರು ಆ ರಸ್ತೆಯಲ್ಲಿ ನೂರು ಸಲ ಓಡಾಡಿದ್ದರೂ ಒಳಗೆ ಕಾಲಿಟ್ಟಿಲ್ಲವೆಂದು ಕೇಳಿ ಈ ಲೇಖನಕ್ಕೆ ಕೈಹಾಕಿದೆವು. ಸಂಗ್ರಹಾಲಯ ಉದ್ಘಾಟನೆಯಾದದ್ದು 2019ರ ಜನವರಿ 19ರಂದು. ಖರ್ಚು ಸುಮಾರು 140 ಕೋಟಿ ರೂಪಾಯಿ. ಸಲಹಾ ಸಮಿತಿಯ ಅಧ್ಯಕ್ಷರಾಗಿದ್ದವರು ಶ್ಯಾಮ್ ಬೆನೆಗಲ್. ಸ್ಥಳ ಫಿಲ್ಮ್ಸ್ ಡಿವಿಜನ್‌ನ ಆವರಣ. 1948ರಲ್ಲಿ ಹುಟ್ಟಿದ ಆ ಇಲಾಖೆ 2022ರಲ್ಲಿ ಎನ್‌ಎಫ್‌ಡಿಸಿಯೊಳಗೆ ವಿಲೀನವಾಯಿತು. ಹೊಸ ಕಟ್ಟಡದಲ್ಲಿ ನಾಲ್ಕು ಅಂತಸ್ತಿನ ತುಂಬ ಗುಂಡಿ ಒತ್ತಿ ನೋಡುವ ಸಲಕರಣೆಗಳು, ಮಕ್ಕಳಿಗೊಂದು ಸ್ಟುಡಿಯೋ, ಗಾಂಧೀಜಿ ಮತ್ತು ಸಿನಿಮಾ ಎಂಬ ವಿಭಾಗ. ಸಿನಿಮಾದ ಬಗ್ಗೆ ಒಳ್ಳೆಯ ಮಾತಾಡದ ಗಾಂಧೀಜಿ 1944ರಲ್ಲಿ ಜುಹೂವಿನಲ್ಲಿ ವಿಜಯ ಭಟ್ಟರ ‘ರಾಮರಾಜ್ಯ’ವನ್ನು ಸ್ವಲ್ಪ ನೋಡಿದ್ದರು. ಪಕ್ಕದಲ್ಲೇ ಹತ್ತೊಂಬತ್ತನೆಯ ಶತಮಾನದ ಬಂಗಲೆ, ಗುಲ್ಶನ್ ಮಹಲು. ಮಕ್ಕಳು ಹೊಸ ಕಟ್ಟಡವನ್ನು ಬಿಟ್ಟು ಏಳುವುದಿಲ್ಲ. ನಮಗೆ ರುಚಿಸಿದ್ದು ಈ ಹಳೆಯ ಮಹಲು.

ಕೋಣೆಯಿಂದ ಕೋಣೆಗೆ ನಡೆದಂತೆ ಇಸವಿಗಳು ಸರಿಯುತ್ತವೆ. 1896ರ ಜುಲೈ 7ರಂದು ಇದೇ ಊರಿನ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸೋದರರ ಚಿತ್ರಗಳ ಪ್ರದರ್ಶನ. 1913ರ ಮೇ 3ರಂದು ಗಿರಗಾಂವಿನ ಕೊರೊನೇಶನ್‌ನಲ್ಲಿ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’. ಫಾಲ್ಕೆಯವರು ಅದನ್ನು ತೆಗೆದದ್ದು ದಾದರಿನಲ್ಲಿ, ಅಂದರೆ ನಮ್ಮ ಮನೆಯಿಂದ ನಾಲ್ಕಾರು ಬಸ್ ಸ್ಟಾಪಿನಾಚೆ. 1931ರ ಮಾರ್ಚ್ 14ರಂದು ಮೆಜೆಸ್ಟಿಕ್‌ನಲ್ಲಿ ‘ಆಲಂ ಆರಾ’ ಬಾಯಿ ಬಿಟ್ಟು ಮಾತಾಡಿತು.

ಕನ್ನಡದ ಮೊದಲ ವಾಕ್ಚಿತ್ರ ಯಾವುದೆಂದು ನಮ್ಮ ಮಗಳು ಕೇಳಿದ್ದು ಇಲ್ಲಿಯೇ. ‘ಸತಿ ಸುಲೋಚನಾ’, 1934ರ ಮಾರ್ಚ್ 3, ಬೆಂಗಳೂರು ಎಂದೆವು. ಅದರ ಜಾತಕ ಓದುಗರಿಗೆ ಹಿಡಿಸೀತು. ಹಣ ಹಾಕಿದವರು ಬೆಂಗಳೂರಿನಲ್ಲಿ ನೆಲೆಸಿದ್ದ ಮಾರವಾಡಿ ವರ್ತಕ ಚಮನಲಾಲ್ ಡುಂಗಾಜಿ. ನಿರ್ದೇಶಕ ವೈ.ವಿ. ರಾವ್ ತೆಲುಗರು. ಚಿತ್ರೀಕರಣ ಮರಾಠಿಯ ಕೊಲ್ಲಾಪುರದ ಛತ್ರಪತಿ ಸಿನೆಟೋನ್‌ನಲ್ಲಿ. ಮಾತು, ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳವು. ಅಭಿನಯ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಮೊದಲಾದವರದು. ಪರಸ್ಥಳದಲ್ಲಿ, ಪರರ ಸಾಮಗ್ರಿಯಲ್ಲಿ ನಾಲಿಗೆ ಮಾತ್ರ ನಮ್ಮದನ್ನಿಟ್ಟುಕೊಂಡು ಬದುಕುವುದೇನೆಂದು ಮುಂಬಯಿ ಕನ್ನಡಿಗರಿಗೆ ಬಿಡಿಸಿ ಹೇಳಬೇಕೆ?

“ಅದನ್ನ ಎಲ್ಲಿ ನೋಡಬಹುದು ಪಪ್ಪಾ?”

ಎಲ್ಲಿಯೂ ಇಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ. ‘ಆಲಂ ಆರಾ’ದ್ದೂ ಅದೇ ಕಥೆ. 1930ರ ಸುಮಾರಿಗೆ ಮೋಹನ್ ಭವನಾನಿ ಎಂಬವರು ‘ಮೃಚ್ಛಕಟಿಕ’ದ ಕಥೆಯನ್ನು ಮೂಕಿಚಿತ್ರ ಮಾಡಿದ್ದರು. ಅದರಲ್ಲಿ ನಮ್ಮ ಟಿ.ಪಿ. ಕೈಲಾಸಂ ಇದ್ದರು, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಇದ್ದರು. ಮುಂದೆ 1948ರಲ್ಲಿ ಇದೇ ಭವನಾನಿಯವರು ಫಿಲ್ಮ್ಸ್ ಡಿವಿಜನ್‌ನ ಮೊದಲ ಮುಖ್ಯ ನಿರ್ಮಾಪಕರಾದರು. ಕೈಲಾಸಂ ಪರದೆಯ ಮೇಲೆ ಹೇಗೆ ಕಂಡಿದ್ದರೆಂದು ನೋಡುವ ಭಾಗ್ಯ ಮಾತ್ರ ಯಾರಿಗೂ ಇಲ್ಲ. ಮೂಕಿಯ ಕಾಲದಲ್ಲಿ ಈ ದೇಶ ಸಾವಿರಕ್ಕೂ ಹೆಚ್ಚು ಚಿತ್ರ ತೆಗೆಯಿತು. ತುಂಡುತುಣುಕು ಸೇರಿಸಿದರೂ ಉಳಿದವು ಮೂವತ್ತರ ಆಸುಪಾಸು.

ಇದಕ್ಕೆ ಅರ್ಧ ಕಾರಣ ರಸಾಯನಶಾಸ್ತ್ರ. ಬಿ.ಎಸ್ಸಿ.ಯಲ್ಲಿ ಕಲಿತದ್ದು ಆಫೀಸಿನ ಯಾವ ಫೈಲಿಗೂ ಉಪಯೋಗ ಬೀಳಲಿಲ್ಲವಾದ್ದರಿಂದ ಇಲ್ಲಿಯಾದರೂ ಖರ್ಚು ಮಾಡುತ್ತೇವೆ. ಹಳೆಯ ಫಿಲ್ಮು ಎಂದರೆ ಸೆಲ್ಯುಲೋಸ್ ನೈಟ್ರೇಟ್, ಅದನ್ನು ಮೆತ್ತಗೆ ಮಾಡಲು ಕರ್ಪೂರ. ಹತ್ತಿಯಿಂದ ಮಾಡುವ ಸಿಡಿಮದ್ದಿಗೆ ಇದು ಖಾಸಾ ದಾಯಾದಿ. ಉರಿಯಲು ಬೇಕಾದ ಆಮ್ಲಜನಕವನ್ನು ತನ್ನೊಳಗೇ ಇಟ್ಟುಕೊಂಡಿರುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಬೆಂಕಿ ತಾಗದಿದ್ದರೆ ನಮ್ಮ ಸೆಕೆಯಲ್ಲಿ ತಾನಾಗಿ ಅಂಟಂಟಾಗಿ ಕಡೆಗೆ ಕಂದು ಪುಡಿಯಾಗುತ್ತದೆ. ಇನ್ನರ್ಧ ಕಾರಣ ಆ ಫಿಲ್ಮಿನ ಮೈಮೇಲಿದ್ದ ಬೆಳ್ಳಿ. ಓಡಿ ಮುಗಿದ ಚಿತ್ರ ಡಬ್ಬಿಯಲ್ಲಿ ಕೂತು ಬಾಡಿಗೆ ತಿನ್ನುವ ಬದಲು ಬೆಳ್ಳಿಯಾಗಿ ನಾಲ್ಕು ಕಾಸಾದರೂ ತರಲಿ ಎಂದು ಒಡೆಯರು ಲೆಕ್ಕ ಹಾಕಿದರು. ‘ಆಲಂ ಆರಾ’ದ ರೀಲುಗಳಿಗೂ ಇದೇ ಗತಿಯಾಯಿತೆಂದು ಪುಣೆಯ ಫಿಲ್ಮ್ ಆರ್ಕೈವ್ಸ್ ಕಟ್ಟಿದ ಪಿ.ಕೆ. ನಾಯರ್ ಹೇಳುತ್ತಿದ್ದರು. ಆ ಆರ್ಕೈವ್ಸ್ ಶುರುವಾದದ್ದೇ 1964ರಲ್ಲಿ. ಅಷ್ಟು ಹೊತ್ತಿಗೆ ಹೋಗುವುದೆಲ್ಲ ಹೋಗಿತ್ತು.

ನಮ್ಮ ಕಚೇರಿಗಳಲ್ಲಿ ಕಡತಗಳಿಗೆ ಮೂರು ವರ್ಗ: ‘ಎ’ ಆದರೆ ಶಾಶ್ವತವಾಗಿ ಇಟ್ಟು ಮೈಕ್ರೋಫಿಲ್ಮ್ ಕೂಡ ಮಾಡಬೇಕು, ‘ಬಿ’ ಆದರೆ ಇಟ್ಟರೆ ಸಾಕು, ‘ಸಿ’ ಆದರೆ ಗೊತ್ತುಪಡಿಸಿದ ವರ್ಷಗಳಾದ ಮೇಲೆ ಹರಿದುಹಾಕಬಹುದು. ಯಾವನೋ ಗುಮಾಸ್ತನ ಪ್ರಯಾಣಭತ್ಯೆಯ ಬಿಲ್ಲಿಗೂ ಇಂತಿಷ್ಟು ವರ್ಷ ಆಯುಷ್ಯವೆಂದು ಬರೆದಿಟ್ಟ ದೇಶದಲ್ಲಿ ಒಂದು ಭಾಷೆಯ ಮೊದಲ ಚಿತ್ರಕ್ಕೆ ‘ಸಿ’ ಎಂದು ಗುರುತು ಹಾಕುವವರೂ ಇರಲಿಲ್ಲ.

ಪೋಲೆಂಡಿನಲ್ಲಿ ವೂಚ್ ಎಂಬ ಊರಿದೆ. ನಮ್ಮ ಪರೇಲ್-ಲಾಲ್‌ಬಾಗಿನಂತೆ ಬಟ್ಟೆ ಗಿರಣಿಗಳಿಂದ ಬೆಳೆದ ಊರು. ಅಲ್ಲಿನ ಗಿರಣಿ ಮಾಲೀಕನೊಬ್ಬನ ಅರಮನೆಯಲ್ಲಿ 1986ರಿಂದ ಸಿನಿಮಾ ಸಂಗ್ರಹಾಲಯವಿದೆ. ಆಂದ್ರೇ ವೈದಾ 1975ರಲ್ಲಿ ಆ ಗಿರಣಿಗಳ ಕಥೆಯನ್ನೇ ಚಿತ್ರ ಮಾಡಿದಾಗ ಇದೇ ಅರಮನೆಯಲ್ಲಿ ಕ್ಯಾಮೆರಾ ಇಟ್ಟಿದ್ದರು. ಅದೇ ಊರಿನ ಹಳೆಯ ವಿದ್ಯುತ್ ಸ್ಥಾವರದಲ್ಲಿ ಈಚೆಗೆ ಇನ್ನೊಂದು ಸಿನಿಮಾ ಸಂಸ್ಕೃತಿ ಕೇಂದ್ರ ಎದ್ದಿದೆ. ಅವರ ಹಳೆಯ ಚಿತ್ರಗಳು ಬಹಳಷ್ಟು ಮಹಾಯುದ್ಧದಲ್ಲಿ ಹೋದವು. ನಮ್ಮವು ಯಾವ ಯುದ್ಧವೂ ಇಲ್ಲದೆ ಹೋದವು.

ಅವ್ವನ ಸುದ್ದಿಗೆ ಬರೋಣ. ನಮ್ಮದು ಬೀಳಗಿ ಕಡೆಯ ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮಲ್ಲಿಗೆ ಬಂದಿದ್ದಾಳೆ. ಮೂರನೆಯ ಮಾಳಿಗೆಯ ಗ್ಯಾಲರಿಯಲ್ಲಿ ಕೂತು ವಡಾಲಾದ ರೈಲಿನ ಸದ್ದು ಎಣಿಸುವುದು ಬಿಟ್ಟರೆ ಅವಳಿಗೆ ಇಲ್ಲಿ ಕೆಲಸವಿಲ್ಲ. ನಿನ್ನೆ ಉಂಡದ್ದು ಮರೆಯುತ್ತಾಳೆ, ಐವತ್ತು ವರ್ಷದ ಹಿಂದಿನದು ನೆನಪಿದೆ. ಸಂಗ್ರಹಾಲಯಕ್ಕೆ ಸೋಮವಾರ ರಜೆ. ಒಂದು ಭಾನುವಾರ ಅವಳನ್ನೂ ಹೊರಡಿಸಿದೆವು. ಗುಲ್ಶನ್ ಮಹಲಿನಲ್ಲಿ ಸ್ಟುಡಿಯೋ ಯುಗದ ಕೋಣೆಗೆ ಬಂದೊಡನೆ ಸೊಂಟಕ್ಕೆ ಕೈಕೊಟ್ಟು ನಿಂತು ಕೇಳಿದಳು:

“ನಮ್ಮ ಅಮೀರಬಾಯಿ ಎಲ್ಲಿದಾಳೋ ಇದರಾಗ?”

ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಈ ಊರಿಗೆ ಬಂದು 1943ರ ‘ಕಿಸ್ಮತ್’ಗೆ ಹಾಡಿದಾಕೆ. ಕಲಕತ್ತೆಯ ರಾಕ್ಸಿಯಲ್ಲಿ ಮೂರು ವರ್ಷಕ್ಕೂ ಮೀರಿ ಓಡಿದ ಚಿತ್ರ ಅದು. ಅಕ್ಕ ಗೋಹರಬಾಯಿಯ ಹೆಸರು ಬಾಲಗಂಧರ್ವರ ರಂಗಭೂಮಿಯೊಂದಿಗೆ ಸೇರಿಕೊಂಡಿದೆ. ಅಮೀರಬಾಯಿ 1965ರಲ್ಲಿ ತೀರಿಕೊಂಡರು. ಅವ್ವ ‘ಕಿಸ್ಮತ್’ ನೋಡಿದವಳಲ್ಲ. ಊರಗೌಡರ ಮನೆಯ ಗ್ರಾಮೊಫೋನಿನಿಂದ ಅವಳ ತಾಯಿ ಕಲಿತಳು, ತಾಯಿಯಿಂದ ಅವಳು. ಕೋಣೆಯ ನಡುವೆ ನಿಂತು ಮೆಲ್ಲಗೆ ಶುರು ಮಾಡಿಯೇ ಬಿಟ್ಟಳು. ನಮ್ಮಾಕೆಗೆ ನಾಚಿಕೆ. ಮಗಳು ದೂರ ಸರಿದು ತಾನು ಈ ಮನೆಯವಳೇ ಅಲ್ಲವೆಂಬಂತೆ ನಿಂತಳು. ಅಷ್ಟರಲ್ಲಿ ಅವ್ವನದೇ ವಯಸ್ಸಿನ ಮರಾಠಿ ಹೆಂಗಸೊಬ್ಬರು ಹತ್ತಿರ ಬಂದು ಎರಡನೆಯ ಚರಣ ಎತ್ತಿಕೊಂಡರು. ಅವ್ವನಿಗೆ ಮರಾಠಿ ಅಷ್ಟಕ್ಕಷ್ಟೇ, ಆಕೆಗೆ ಕನ್ನಡ ಬಾರದು. ಹಾಡು ಮುಗಿಯುವತನಕ ಇಬ್ಬರಿಗೂ ಅದರ ಅಗತ್ಯ ಬೀಳಲಿಲ್ಲ.

ಅಂದು ಮನೆಗೆ ಬಂದ ಮೇಲೆ ಅವ್ವ ತನ್ನ ತಗಡಿನ ಟ್ರಂಕು ತೆಗೆಸಿದಳು. ಸೀರೆಗಳ ಅಡಿಯಲ್ಲಿ ಹಳೆಯ ಸಿನಿಮಾ ಹಾಡಿನ ಪುಸ್ತಕಗಳು, ಟೆಂಟಿನ ಬಾಗಿಲಲ್ಲಿ ಮಾರುತ್ತಿದ್ದಂಥವು. ಒಂದು 1954ರ ‘ಬೇಡರ ಕಣ್ಣಪ್ಪ’ದ್ದು, ಅವಳ ಅಪ್ಪ ತಂದುಕೊಟ್ಟದ್ದಂತೆ. ಹೋದ ವರ್ಷ ಟ್ರಂಕು ಹಗುರ ಮಾಡೋಣವೆಂದು ನಮ್ಮಾಕೆ ರದ್ದಿಯವನನ್ನು ಕರೆದಾಗ ಅವ್ವ ಅದರ ಮೇಲೆ ಕೂತುಬಿಟ್ಟಿದ್ದೇಕೆಂದು ಆಗ ತಿಳಿಯಿತು.

ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರದು. ಅವ್ವನಿಗೆ ಕನ್ನಡ ಬಿಟ್ಟು ಬೇರೆ ಅಕ್ಷರ ತಿಳಿಯದು. ಈಗ ಸಂಜೆ ಹೊತ್ತು ಅವ್ವ ಹಾಡುತ್ತಾಳೆ, ಮಗಳು ಶಾಲೆಯ ನೋಟುಬುಕ್ಕಿನಲ್ಲಿ ದೇವನಾಗರಿಯಲ್ಲಿ ಬರೆದುಕೊಳ್ಳುತ್ತಾಳೆ. ಪುಸ್ತಕದ ಕೊನೆಯ ಎರಡು ಹಾಳೆ ಗೆದ್ದಲು ತಿಂದಿವೆ. ಅಲ್ಲಿದ್ದುದನ್ನು ಅವ್ವ ನೆನಪಿನಿಂದ ಹೇಳಬೇಕು. ಒಂದು ಸಾಲನ್ನು ಅವಳು ಒಂದು ದಿನ ಹಾಡಿದಂತೆ ಮರುದಿನ ಹಾಡುವುದಿಲ್ಲ. ಮಗಳು ಎರಡನ್ನೂ ಬರೆದಿಟ್ಟಿದ್ದಾಳೆ.