ಆಟಕ್ಕೆ ಯಾವ ಲೆನ್ಸ್?

ಈಗ ಯಕ್ಷಗಾನ ನೋಡ್ತಾ ಹೊಳೆದದ್ದು. ಮುಂದಿನ ಸಾಲಲ್ಲಿ ಒಬ್ಬ ಹುಡುಗ ಉದ್ದದ ಜೂಮ್ ಹಿಡಿದು ಒದ್ದಾಡ್ತಿದ್ದಾನೆ. ರಾತ್ರಿ ಆಟಕ್ಕೆ ಎಫ್/5.6 ಸಾಲದು ಕಣ್ರೀ. ದಿಗಿಣ ಹಾರುವಾಗ ಶಟರ್ 1/500 ಆಸುಪಾಸು ಇರಬೇಕು, ಇಲ್ಲಾಂದ್ರೆ ವೇಷವೆಲ್ಲ ಕಲಸಿಹೋಗುತ್ತೆ. 85 ಎಂಎಂ ಎಫ್/1.8 ಪ್ರೈಮ್ ಹಾಕಿದ್ರೆ ಹೆಚ್ಚುಕಮ್ಮಿ 10 ಪಟ್ಟು ಬೆಳಕು ಒಳಗೆ ಬರುತ್ತೆ. ಜೂಮ್ ಇಲ್ಲದಿದ್ದರೇನಂತೆ, ಹಿಂದೆ ಕೂತವರಿಗೆ ಅಡ್ಡ ಆಗದ ಹಾಗೆ ಜಾಗ ಬದಲಿಸಿದ್ರಾಯ್ತು.

ವೇಷ ಕಟ್ಟೋ ಚೌಕಿಗೆ ಮಾತ್ರ 35 ಎಂಎಂ. ಇಕ್ಕಟ್ಟು ಜಾಗ, ಬಣ್ಣ ಬರೆಯೋ ಕೈ, ಕನ್ನಡಿ ಎರಡೂ ಫ್ರೇಮಿಗೆ ಬೇಕು. 16, 20 ಹಾಕಿ ತೀರಾ ಹತ್ತಿರ ಹೋದ್ರೆ ಮೂಗು ಉಬ್ಬಿ ಮುಖವೇ ಬದಲಾಗುತ್ತೆ. ಅಷ್ಟು ಹೊತ್ತು ಕೂತು ಬರೆದ ಬಣ್ಣಕ್ಕೆ ಅದು ಅನ್ಯಾಯ ಅಂತ ನನಗನ್ಸುತ್ತೆ.

ಆಟದ ಫೋಟೋ ತೆಗೆಯೋರು ನೀವೇನು ಹಾಕ್ತೀರಿ? 50 ಸಾಕಾ?