ಕರಪತ್ರದಲ್ಲಿ ಅಪ್ಪಯ್ಯನ ಹೆಸರಿಲ್ಲ

ನಿಮ್ಮ ಅಪ್ಪ ಏನು ಮಾಡುತ್ತಾರೆ ಎಂದು ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ನಾವಿಬ್ಬರೂ, ಅಂದರೆ ಅಕ್ಕ-ತಮ್ಮ, "ಮೇಳದಲ್ಲಿದ್ದಾರೆ" ಎನ್ನುತ್ತಿದ್ದೆವು. ಕೂಡಲೇ ಎರಡನೇ ಪ್ರಶ್ನೆ ಬರುತ್ತಿತ್ತು: "ಹೌದಾ! ಯಾವ ವೇಷ?" ಅಲ್ಲಿಗೆ ನಮ್ಮ ಬಾಯಿ ಕಟ್ಟುತ್ತಿತ್ತು. ಅಪ್ಪಯ್ಯ ವೇಷ ಮಾಡುವವರಲ್ಲ, ವೇಷ ಕಟ್ಟುವವರು. ಪೆಟ್ಟಿಗೆ ಇಳಿಸುವುದು, ಚೌಕಿಯಲ್ಲಿ ಸಾಮಾನು ಹರಡುವುದು, ಕಲಾವಿದರಿಗೆ ಕಟ್ಟಿ ಬಿಗಿಯುವುದು, ಬೆಳಗ್ಗೆ ಎಲ್ಲ ಬಿಚ್ಚಿ ಮತ್ತೆ ಪೆಟ್ಟಿಗೆ ತುಂಬುವುದು. ದೀಪಾವಳಿ ಕಳೆದು ಮೇಳ ಹೊರಟರೆ ಮಳೆ ಹಿಡಿಯುವವರೆಗೂ ಇದೇ. ಇವತ್ತು ನಾವುಂದ, ನಾಳೆ ಹಾಲಾಡಿ, ನಾಡಿದ್ದು ಬಾರ್ಕೂರು.

ಈ ಬರಹ ಹುಟ್ಟಿದ್ದು ಮೊಬೈಲಿನಲ್ಲಿ ಕಂಡ ಒಂದು ವಿಡಿಯೋದಿಂದ. 2021ರ ಏಪ್ರಿಲ್‌ನಲ್ಲಿ ಅಮೆರಿಕದ ಅಗಸ್ಟಾದಲ್ಲಿ ನಡೆದ ಮಾಸ್ಟರ್ಸ್ ಗಾಲ್ಫ್ ಪಂದ್ಯವನ್ನು ಜಪಾನಿನ ಹಿಡೆಕಿ ಮತ್ಸುಯಾಮ ಗೆದ್ದರು. ಎಲ್ಲರೂ ಅವರ ಹಿಂದೆ ಹೋದ ಮೇಲೆ, ಅವರ ಬ್ಯಾಗು ಹೊರುವ ಶೋಟಾ ಹಯಾಫುಜಿ ಬಾವುಟದ ಕೋಲನ್ನು ಕುಳಿಯಲ್ಲಿ ವಾಪಸು ನೆಟ್ಟು, ಟೋಪಿ ತೆಗೆದು, ಖಾಲಿ ಮೈದಾನಕ್ಕೆ ತಲೆಬಾಗಿದರು. ನೋಡಿದ ಕೂಡಲೇ ನಮಗೆ ಅಪ್ಪಯ್ಯನ ನೆನಪಾಯಿತು. ಅವರೂ ಬೆಳಗ್ಗೆ ಪೆಟ್ಟಿಗೆ ಲಾರಿಗೆ ಏರಿಸಿದ ಮೇಲೆ ಒಮ್ಮೆ ತಿರುಗಿ, ಖಾಲಿ ಗದ್ದೆಗೆ ಕೈಮುಗಿದೇ ಹೊರಡುವುದು.

ಗಾಲ್ಫಿನಲ್ಲಿ ಈ ಕೆಲಸದವರಿಗೆ ಕ್ಯಾಡಿ ಎನ್ನುತ್ತಾರೆ. ಬ್ಯಾಗಿನಲ್ಲಿ ಹೆಚ್ಚೆಂದರೆ 14 ಕೋಲು, ಒಂದು ಸುತ್ತಿಗೆ 18 ಕುಳಿ. ಆಟಗಾರನ ಜೊತೆ ಕ್ಯಾಡಿ ಊರಿಂದೂರಿಗೆ ತಿರುಗುತ್ತಾನೆ. ಒಬ್ಬನೇ ಆಡುವ ಪಂದ್ಯದಲ್ಲಿ ಆಟಗಾರ ಸಲಹೆ ಕೇಳಬಹುದಾದರೆ ಅದು ತನ್ನ ಕ್ಯಾಡಿಯ ಹತ್ತಿರ ಮಾತ್ರ. ನಮ್ಮ ರಾಜ್ಯದಲ್ಲೂ ಈ ಕೆಲಸ ಮಾಡಿದವರಿದ್ದಾರೆ. ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರು, ಮುಂದೆ ತಾವೇ ಕೋಲು ಹಿಡಿದು 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಗಾಲ್ಫ್ ಇಲ್ಲ. ಆದರೆ ಇನ್ನೊಬ್ಬರ ಆಟಕ್ಕೆ ಹೆಗಲು ಕೊಟ್ಟು ಊರೂರು ತಿರುಗುವವರು ನಮ್ಮಲ್ಲಿ ಎಷ್ಟೋ ತಲೆಮಾರಿನಿಂದ ಇದ್ದಾರೆ. ಮಂದಾರ್ತಿ, ಮಾರಣಕಟ್ಟೆ, ಸೌಕೂರು, ಕಮಲಶಿಲೆ, ಪೆರ್ಡೂರು, ಸಾಲಿಗ್ರಾಮ, ಯಾವ ಮೇಳದ ಹೆಸರು ಹೇಳಿದರೂ ಅದರ ಹಿಂದೆ ಪೆಟ್ಟಿಗೆ ಹೊತ್ತವರಿದ್ದಾರೆ. ಲಾರಿ ಇಲ್ಲದ ಕಾಲದಲ್ಲಿ ಅವರು ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಗದ್ದೆ ಅಂಚಿನಲ್ಲಿ, ಹೊಳೆ ದಾಟಿ, ಊರಿಂದೂರಿಗೆ ನಡೆದೇ ಹೋದವರು.

ನಾವು ಹೈಸ್ಕೂಲಿನಲ್ಲಿದ್ದಾಗ ಒಂದು ಫೆಬ್ರವರಿ ರಾತ್ರಿ ಅಜ್ಜಿ ತೀರಿಕೊಂಡರು. ಅಪ್ಪಯ್ಯನ ತಾಯಿ. ಹನ್ನೊಂದೂವರೆಗೆ ಅಬ್ಬಿ ಚೌಕಿಗೆ ಫೋನು ಮಾಡಿದರು. "ಹೂಂ, ಬತ್ತೆ" ಎಂದಷ್ಟೇ ಅಂದು ಅಪ್ಪಯ್ಯ ಇಟ್ಟರು. ಆಟ ಇದ್ದದ್ದು ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ. ನಾವು ಅಂಗಳದಲ್ಲಿ ಕಾದೆವು. ಒಂದು ಗಂಟೆ ಆಯಿತು, ಮೂರು ಆಯಿತು, ಕೋಳಿ ಕೂಗಿತು. ಅವರು ಬಂದದ್ದು ಬೆಳಗ್ಗೆ ಏಳೂವರೆಗೆ, ಹಾಲಿನ ವ್ಯಾನಿನಲ್ಲಿ. ನೆಂಟರೆಲ್ಲ ಅವರ ಮುಖ ನೋಡಿದರು, ಯಾರೂ ಮಾತಾಡಲಿಲ್ಲ. ಅಜ್ಜಿಗೆ ಹೆಗಲು ಕೊಡುವಾಗ ಅಪ್ಪಯ್ಯನ ಬೆರಳಿನಲ್ಲಿ ಇಂಗಳೀಕದ ಕೆಂಪು ಹಾಗೇ ಇತ್ತು.

ಮಧ್ಯಾಹ್ನ ನಾವು ಕೇಳಿಯೇಬಿಟ್ಟೆವು, ಯಾಕೆ ಬರಲಿಲ್ಲ ಎಂದು. "ವೇಷ ಅರ್ಧ ಕಟ್ಟಿ ಬಿಟ್ಟ್ ಬಪ್ಪುಕಾತ್ತಾ ಮಕ್ಳೆ?" ಎಂದರು. ಅಷ್ಟೇ ಉತ್ತರ. ನಮಗದು ಉತ್ತರ ಅನ್ನಿಸಲಿಲ್ಲ. ಆ ಮೇಲೆ ಮೂರ್ನಾಲ್ಕು ವರ್ಷ ನಾವು ಆಟಕ್ಕೆ ಹೋಗಲಿಲ್ಲ.

ಪತ್ರಿಕೋದ್ಯಮ ಓದುವಾಗ ಒಂದು ರಾತ್ರಿಯ ಕೆಲಸವನ್ನು ಪೂರ್ತಿ ನೋಡಿ ವರದಿ ಬರೆಯಿರಿ ಎಂದು ಮೇಷ್ಟ್ರು ಹೇಳಿದರು. ಬೇರೆಯವರು ಬಂದರಿಗೆ, ಆಸ್ಪತ್ರೆಗೆ, ಪೊಲೀಸ್ ಠಾಣೆಗೆ ಹೋದರು. ನಮ್ಮಲ್ಲಿ ದೊಡ್ಡವಳು ಹೇಳಿದಳು, ನಾವು ಚೌಕಿಗೇ ಹೋಗೋಣ. ತಮ್ಮನೂ ಹೊರಟ.

ಸಂಜೆ ಗದ್ದೆಗೆ ಹೋದಾಗ ಅಪ್ಪಯ್ಯ ಪೆಟ್ಟಿಗೆ ಇಳಿಸುತ್ತಿದ್ದರು. ಚೌಕಿಯಲ್ಲಿ ಪ್ರತಿಯೊಬ್ಬ ಕಲಾವಿದನಿಗೂ ಕೂರುವ ಜಾಗ ಇಂಥದ್ದೇ ಎಂದು ಇದೆ. ಯಾರ ಗೆಜ್ಜೆ, ಯಾರ ಎದೆಕಟ್ಟು, ಯಾರ ಭುಜಕೀರ್ತಿ, ಯಾವುದೂ ಬದಲಾಗಬಾರದು. ಅಪ್ಪಯ್ಯ ಚೀಟಿ ನೋಡದೆ ಎಲ್ಲವನ್ನೂ ಆಯಾ ಜಾಗದಲ್ಲಿಟ್ಟರು. ಚೌಕಿಯಲ್ಲಿ ಗಣಪತಿ ಪೂಜೆ ಆಯಿತು. ಕಲಾವಿದರು ಕೈಯಲ್ಲಿ ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಂಡರು. ಮುಖದ ಬಣ್ಣ ಅವರ ಕೈಯದ್ದು. ಮೈಮೇಲಿನ ಕಟ್ಟು ಅಪ್ಪಯ್ಯ ಮತ್ತವರ ಜೊತೆಯವರ ಕೈಯದ್ದು.

ಕಟ್ಟುವುದೆಂದರೆ ಹಗ್ಗ ಬಿಗಿಯುವುದು ಎಂದುಕೊಂಡಿದ್ದೆವು. ನಮ್ಮ ಬಡಗುತಿಟ್ಟಿನ ಮುಂಡಾಸು ಟೋಪಿಯ ಹಾಗೆ ತಲೆಗೆ ಇಟ್ಟುಕೊಳ್ಳುವ ವಸ್ತು ಅಲ್ಲ. ಪ್ರತಿ ರಾತ್ರಿ ಬಟ್ಟೆ ಸುತ್ತಿ, ದಾರ ಬಿಗಿದು ತಲೆಯ ಮೇಲೇ ಕಟ್ಟಬೇಕು. ಸಡಿಲಾದರೆ ಮಂಡಿ ಹಾಕಿ ತಿರುಗುವಾಗ ಜಾರಿ ಎಲ್ಲರೆದುರು ಮಾನ ಹೋಗುತ್ತದೆ. ಬಿಗಿಯಾದರೆ ಹಣೆ ಸಿಡಿದು ಮಾತು ಮರೆತು ಹೋಗುತ್ತದೆ. ಎದೆಯ ಕಟ್ಟು ಹೆಚ್ಚಾದರೆ ಉಸಿರು ಸಾಲದು, ಅರ್ಥ ಹೇಳಲಿಕ್ಕಾಗದು. ಪ್ರತಿ ಗಂಟಿಗೂ ಅಪ್ಪಯ್ಯ ಮೆಲ್ಲ ಕೇಳುತ್ತಿದ್ದರು, "ಉಸ್ರ್ ಬಿಡುಕಾತ್ತಾ?" ಕಲಾವಿದರು ತಲೆಯಾಡಿಸಿದ ಮೇಲೇ ಮುಂದಿನ ಗಂಟು. ಒಬ್ಬರ ಮೊಣಕಾಲು ನೋವಿನದ್ದು ಎಂದು ಅಪ್ಪಯ್ಯನಿಗೆ ಗೊತ್ತು, ಆ ಕಾಲಿನ ಗೆಜ್ಜೆಯನ್ನು ಸ್ವಲ್ಪ ಕೆಳಗೆ ಕಟ್ಟಿದರು. ಇನ್ನೊಬ್ಬರು ಮಧ್ಯಾಹ್ನ ಊಟ ಮಾಡಿಲ್ಲ ಎಂದು ಗೊತ್ತು, ಒಂದು ಲೋಟ ಗಂಜಿ ತಂದಿಟ್ಟರು.

ಎರಡು ಗಂಟೆ ಸುಮಾರಿಗೆ ರಂಗಸ್ಥಳದಲ್ಲಿ ಚಂಡೆ ಏರಿತು. ನಮ್ಮ ಹತ್ತಿರ ಕೂತಿದ್ದ ಹಿರಿಯ ಕಲಾವಿದರೊಬ್ಬರು ತಾವಾಗಿಯೇ ಮಾತು ತೆಗೆದರು. "ನಿಮ್ಮ್ ಅಜ್ಜಿ ತೀರಿದ್ ದಿನ ನನ್ನ್ ವೇಷ ಕಟ್ಟದ್ದ್ ನಿಮ್ಮ್ ಅಪ್ಪಯ್ಯನೇ. ಒಂದ್ ಮಾತ್ ಹೇಳ್ಲಿಲ್ಲ. ಬೆಳಿಗ್ಗೆ ಮಂಗಳ ಆಯ್ ವೇಷ ಬಿಚ್ಚಿ ಆದ್ಮೇಲೆ ಹೇಳ್ದ. ಮೊದ್ಲೇ ಹೇಳಿದ್ರೆ ನಂಗೆ ಪದ್ಯ ನೆನಪ್ ಬತ್ತಿತ್ತಾ?"

ನಾವು ಅಪ್ಪಯ್ಯನ ಕಡೆ ನೋಡಿದೆವು. ಅವರು ಪೆಟ್ಟಿಗೆಗೆ ಒರಗಿ ಕೂತು, ಯಾವ ವೇಷ ಯಾವಾಗ ಒಳಗೆ ಬರುತ್ತದೆ ಎಂದು ಚಂಡೆಯ ಪೆಟ್ಟಿನಲ್ಲೇ ಲೆಕ್ಕ ಹಾಕುತ್ತಿದ್ದರು.

ಅವರು ಮಾಡಿದ್ದು ಸರಿಯೇ? ಈಗಲೂ ನಮ್ಮಿಬ್ಬರಲ್ಲಿ ಒಮ್ಮತವಿಲ್ಲ. ತಮ್ಮ ಹೇಳುತ್ತಾನೆ, ಬದಲಿಗೆ ಇನ್ನೊಬ್ಬನಿದ್ದಿದ್ದರೆ ಅಪ್ಪಯ್ಯ ಆ ರಾತ್ರಿಯೇ ಮನೆಯಲ್ಲಿರುತ್ತಿದ್ದರು, ತಪ್ಪು ಅವರದ್ದಲ್ಲ, ಬದಲಿ ಜನ ಇಲ್ಲದ್ದು. ಅಕ್ಕ ಹೇಳುತ್ತಾಳೆ, ಅಬ್ಬಿ ಒಬ್ಬಳೇ ಆ ರಾತ್ರಿ ಕಳೆದದ್ದನ್ನು ಯಾವ ಆಟವೂ ವಾಪಸು ಕೊಡುವುದಿಲ್ಲ. ಎರಡೂ ನಿಜ. ಸಿಟ್ಟು ಮಾತ್ರ ಆ ಗದ್ದೆಯಲ್ಲೇ ಉಳಿಯಿತು.

ಗಾಲ್ಫಿನಲ್ಲಿ ಗೆದ್ದವನ ಹಣದಲ್ಲಿ ಸಾಮಾನ್ಯವಾಗಿ ಶೇಕಡಾ 10 ಕ್ಯಾಡಿಗೆ ಹೋಗುತ್ತದೆಯಂತೆ. ಅಪ್ಪಯ್ಯನಿಗೆ ತಿರುಗಾಟಕ್ಕೆ ಇಷ್ಟು ಎಂಬ ಸಂಬಳ, ಅದರಲ್ಲೂ ಮಳೆಗಾಲದ ಮುಂಗಡ ಮುರಿದು ಉಳಿದದ್ದು. ರಂಗಸ್ಥಳದಲ್ಲಿ ಕಲಾವಿದರಿಗೆ ನೋಟು ಕೊಟ್ಟರೆ ಮೈಕಿನಲ್ಲಿ ಹೆಸರು ಹೇಳುತ್ತಾರೆ, ಚೌಕಿಯೊಳಗೆ ಮೈಕು ಇಲ್ಲ. ಮಳೆಗಾಲದಲ್ಲಿ ಅವರು ಕೂಲಿಗೆ ಹೋಗುತ್ತಾರೆ, ಬಿಸಿಲು ಬಿದ್ದ ದಿನ ಬೆವರು ಕುಡಿದ ವೇಷಭೂಷಣ ಒಣಗಿಸುತ್ತಾರೆ, ಕಿರೀಟದಲ್ಲಿ ಕಿತ್ತುಹೋದ ಬೇಗಡೆ ಅಂಟಿಸುತ್ತಾರೆ. ಈಗ ಕೆಲವು ಮೇಳದವರು ಕಾಲಮಿತಿಯ ಆಟ ಆಡುತ್ತಿರುವುದರಿಂದ ಒಂದೊಂದು ದಿನ ನಡುರಾತ್ರಿಯೇ ಮನೆ ಸೇರುತ್ತಾರೆ. ಆದರೂ ನಿದ್ದೆ ಹತ್ತುವುದು ಬೆಳಗಾದ ಮೇಲೆಯೇ.

ಓದುವ ನಿಮ್ಮಲ್ಲಿ ಎಷ್ಟೋ ಮಂದಿ ಹರಕೆ ಆಟ ಆಡಿಸುವವರು, ಊರ ಆಟದ ಸಮಿತಿಯಲ್ಲಿರುವವರು. ನಮ್ಮದು ಎರಡೇ ಕೋರಿಕೆ. ಕರಪತ್ರದಲ್ಲಿ ಭಾಗವತರು, ಮದ್ದಳೆ, ಚಂಡೆ, ಸ್ತ್ರೀವೇಷ, ಹಾಸ್ಯ ಎಂದು ಹಾಕಿದ ಮೇಲೆ ಕೆಳಗೆ ಒಂದು ಸಾಲು ಜಾಗ ಇರುತ್ತದೆ. ಚೌಕಿಯವರ ಹೆಸರು ಕೇಳಿ ಅಲ್ಲಿ ಹಾಕಿ. ರಾತ್ರಿ ಊಟಕ್ಕೆ ಕರೆಯುವಾಗ ಅವರನ್ನು ಮೊದಲು ಕರೆಯಿರಿ, ಆಟ ಶುರುವಾದ ಮೇಲೆ ಅವರಿಗೆ ಎಲೆ ಮುಂದೆ ಕೂರಲು ಪುರುಸೊತ್ತು ಸಿಗುವುದಿಲ್ಲ.

ನಮ್ಮ ವರದಿಗೆ ಮೇಷ್ಟ್ರು ಒಳ್ಳೆಯ ಅಂಕ ಕೊಟ್ಟರು. ಅದನ್ನು ಅಪ್ಪಯ್ಯನಿಗೆ ಓದಿ ಹೇಳಿದೆವು. ಕೊನೆಯವರೆಗೂ ಕೇಳಿ ಒಂದೇ ಮಾತು ಹೇಳಿದರು: "ಗಂಜಿ ವಿಷ್ಯ ಬರೂದ್ ಬ್ಯಾಡಿತ್ತ್, ಅವ್ರಿಗೆ ನಾಚ್ಕಿ ಆತ್ತ್." ಅವರ ಮಾತು ಮೀರಿ ಆ ಗಂಜಿಯನ್ನು ಇಲ್ಲಿ ಉಳಿಸಿಕೊಂಡಿದ್ದೇವೆ. ಯಾರದ್ದು ಎಂದು ಮಾತ್ರ ಹೇಳಿಲ್ಲ.