ಕಾಗದದ ಕಣ್ಣು

ಜ್ವರಕ್ಕಿಂತಲೂ ಅದರ ಕಾರಣ ತಿಳಿಯದಿರುವುದೇ ಮನುಷ್ಯನನ್ನು ಹೆಚ್ಚು ಕಂಗೆಡಿಸುತ್ತದೆ. ರೋಗಿಗಳನ್ನು ಸಂದರ್ಶಿಸುವ ನನ್ನ ಸೇವೆಯಲ್ಲಿ ಇದನ್ನು ಎಷ್ಟೋ ಬಾರಿ ಕಂಡಿದ್ದೇನೆ. “ರಕ್ತ ಕೊಟ್ಟು ಬಂದಿದ್ದೇವೆ ಫಾದರ್, ವರದಿ ಇನ್ನೂ ಬಂದಿಲ್ಲ” ಎನ್ನುವ ಮನೆಯಲ್ಲಿ ಒಲೆಯ ಮೇಲಿನ ಗಂಜಿಯೂ ತಣ್ಣಗಾಗಿರುತ್ತದೆ.

ಆ ವರದಿಯ ಹಿಂದೆ ಬಹುಮಟ್ಟಿಗೆ ಇರುವುದು ಸೂಕ್ಷ್ಮದರ್ಶಕ. 1880ರಲ್ಲಿ ಲಾವೆರಾನ್ ಮಲೇರಿಯಾದ ಪರಾವಲಂಬಿಯನ್ನು ರೋಗಿಯ ರಕ್ತದಲ್ಲಿ ಕಂಡದ್ದು ಅದರ ಮೂಲಕವೇ; 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ಕ್ರಿಮಿಯನ್ನು ಲೋಕಕ್ಕೆ ತೋರಿಸಿದ್ದೂ ಅದರಿಂದಲೇ. ಆದರೆ ಈ ಉಪಕರಣ ಭಾರವಾದುದು, ದುಬಾರಿಯಾದುದು. ರೋಗ ಹೆಚ್ಚಾಗಿರುವ ಕುಗ್ರಾಮಗಳಿಗೆ ಅದು ತಲುಪುವುದೇ ಕಷ್ಟ.

ಮೀರತ್‌ನಲ್ಲಿ ಜನಿಸಿ, ಕಾನ್ಪುರದ ಐಐಟಿಯಲ್ಲಿ ಕಲಿತು, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಮನು ಪ್ರಕಾಶ್ ಈ ಕೊರತೆಯನ್ನು ಕುರಿತು ಚಿಂತಿಸಿದರು. 2014ರಲ್ಲಿ ಅವರೂ ಸಹೋದ್ಯೋಗಿಗಳೂ ‘ಫೋಲ್ಡ್‌ಸ್ಕೋಪ್’ನ ವಿವರಗಳನ್ನು ಪ್ರಕಟಿಸಿದರು. ದಪ್ಪ ಕಾಗದವನ್ನು ಮಡಚಿ, ಅದರಲ್ಲಿ ಒಂದು ಪುಟ್ಟ ಮಸೂರವನ್ನು ಕೂರಿಸಿದರೆ ಸೂಕ್ಷ್ಮದರ್ಶಕ ಸಿದ್ಧ. ಬಿಡಿಭಾಗಗಳ ವೆಚ್ಚ ಒಂದು ಡಾಲರಿಗಿಂತ ಕಡಿಮೆ. ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ. ಕೆಳಗೆ ಬಿದ್ದರೂ ಒಡೆಯದು. ಹದಿನೇಳನೆಯ ಶತಮಾನದಲ್ಲಿ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಸೂಕ್ಷ್ಮಜೀವಿಗಳನ್ನು ಕಂಡದ್ದು ಕೂಡ ಇಂಥ ಒಂಟಿ ಮಸೂರದಿಂದಲೇ. ಇಂದು ಹತ್ತು ಲಕ್ಷಕ್ಕೂ ಹೆಚ್ಚು ಫೋಲ್ಡ್‌ಸ್ಕೋಪ್‌ಗಳು ಜಗತ್ತಿನಾದ್ಯಂತ ಹಂಚಿಕೆಯಾಗಿವೆ. ಕೆರೆಯ ನೀರಿನ ಒಂದು ಹನಿಯಲ್ಲಿ ಮಕ್ಕಳು ಹೊಸ ಲೋಕವನ್ನೇ ನೋಡುತ್ತಿದ್ದಾರೆ.

ಆದರೆ ನೋಡುವುದು ಬೇರೆ, ರೋಗವನ್ನು ನಿರ್ಣಯಿಸುವುದು ಬೇರೆ. ಸಾಮಾನ್ಯವಾಗಿ ಹಂಚುವ ಫೋಲ್ಡ್‌ಸ್ಕೋಪ್ ವಸ್ತುವನ್ನು ಸುಮಾರು 140 ಪಟ್ಟು ಹಿಗ್ಗಿಸುತ್ತದೆ. ಮಲೇರಿಯಾ ಪತ್ತೆಗೆ ಪ್ರಯೋಗಾಲಯದವರು ರಕ್ತಲೇಪಕ್ಕೆ ಬಣ್ಣ ಹಾಕಿ, 1000 ಪಟ್ಟು ಹಿಗ್ಗಿಸಿ ನೋಡುತ್ತಾರೆ. ಘಾನಾ ದೇಶದಲ್ಲಿ ಮೊಬೈಲಿಗೆ ಜೋಡಿಸಿದ ಫೋಲ್ಡ್‌ಸ್ಕೋಪಿನಿಂದ ಮೂತ್ರದಲ್ಲಿನ ಪರಾವಲಂಬಿ ಹುಳುವಿನ ಮೊಟ್ಟೆಗಳನ್ನು ಹುಡುಕಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಪ್ರತಿ ಹತ್ತು ಸೋಂಕಿತರಲ್ಲಿ ನಾಲ್ವರಷ್ಟು ಮಂದಿ ಅದರ ಕಣ್ಣಿಗೆ ಬೀಳಲಿಲ್ಲ. ‘ರೋಗವಿಲ್ಲ’ ಎಂಬ ತಪ್ಪು ಮಾತನ್ನು ನಂಬಿ ಮನೆಗೆ ಮರಳುವವನು ಔಷಧವಿಲ್ಲದೆಯೇ ಮರಳುತ್ತಾನೆ.

ಇದು ಆ ಉಪಕರಣದ ನಿಂದೆಯಲ್ಲ. ಕುತೂಹಲವನ್ನು ಬಡ ಮಗುವಿನ ಕೈಗೆ ಕೊಟ್ಟದ್ದು ಸಣ್ಣ ಸಾಧನೆಯೇನೂ ಅಲ್ಲ. ಆದರೆ ಬಡವನಿಗೆ ಅಗ್ಗದ ಉಪಕರಣ ಸಲ್ಲಬಹುದು, ಅಗ್ಗದ ನಿರ್ಣಯ ಸಲ್ಲದು. ಮಸೂರದ ಹಿಂದೆ ತರಬೇತಿ ಪಡೆದ ಕಣ್ಣು, ಆ ಕಣ್ಣಿನ ಹಿಂದೆ ತಾಳ್ಮೆ, ಅದರ ಪಕ್ಕದಲ್ಲಿ ಔಷಧ, ಇವೆಲ್ಲ ಕೂಡಿದಾಗ ಮಾತ್ರ ವರದಿಗಾಗಿ ಕಾಯುವ ಮನೆಗೆ ನೆಮ್ಮದಿ. ನಮ್ಮ ಮಕ್ಕಳಲ್ಲಿ ಯಾರಾದರೂ ಪ್ರಯೋಗಾಲಯದ ತಂತ್ರಜ್ಞರಾಗಲು ಬಯಸಿದರೆ, ಅದನ್ನು ಚಿಕ್ಕ ಕೆಲಸವೆಂದು ಭಾವಿಸದಿರೋಣ.